ಓಟಿಪಿ ಯಾರಿಗೂ ಹೇಳ್ಬೇಡಿ ಅಂತೀರಿ, ಹೇಳ್ದೆ ಯಾವ ಕೆಲ್ಸ ಆಗತ್ತೆ ಸ್ವಾಮಿ?

ಸಂಪಾದಕರಿಗೆ ನಮಸ್ಕಾರ,

ಮೊಬೈಲ್ ಬಗ್ಗೆ ಪೇಪರ್‌ನಲ್ಲಿ ಬರೋ ಓದುಗರ ಪತ್ರಗಳೆಲ್ಲ ಹೆಚ್ಚುಕಮ್ಮಿ ಒಂದೇ ಥರ ಇರ್ತವೆ, ಮಕ್ಕಳು ರೀಲ್ಸ್ ನೋಡಿ ಹಾಳಾಗ್ತಿದಾರೆ, ಮನೇಲಿ ಮಾತಿಲ್ಲ ಕತೆಯಿಲ್ಲ, ಎಲ್ರೂ ತಲೆ ತಗ್ಗಿಸ್ಕೊಂಡು ಕೂತಿರ್ತಾರೆ ಅಂತ. ಇರ್ಬಹುದು, ಇಲ್ಲ ಅನ್ನಲ್ಲ. ಆದ್ರೆ ನಾನು ತಿಪಟೂರಲ್ಲಿ ಸಣ್ಣದೊಂದು ಜೆರಾಕ್ಸ್ ಅಂಗಡಿ ಇಟ್ಕೊಂಡಿರೋನು, ಆನ್‌ಲೈನ್ ಅರ್ಜಿ, ಲ್ಯಾಮಿನೇಷನ್, ಪಾಸ್‌ಪೋರ್ಟ್ ಫೋಟೋ, ರೀಚಾರ್ಜು ಎಲ್ಲಾ ಮಾಡ್ತೀನಿ, ನನ್ನ ಕೌಂಟರ್ ಮುಂದೆ ನಿಂತು ಸೆರಗಿಂದಲೋ ಜೇಬಿಂದಲೋ ಫೋನ್ ತೆಗೆಯೋ ಜನಕ್ಕೆ ರೀಲ್ಸ್ ನೋಡೋ ಪುರುಸೊತ್ತೇ ಇರಲ್ಲ. ಅವ್ರಿಗೆ ಆ ಹೊತ್ತಿಗೆ ಬೇಕಾಗಿರೋದು ಆರು ಅಂಕಿಯ ಒಂದು ನಂಬರ್ರು, ಅದೇ ಓಟಿಪಿ. ಅದು ಬರೋದು ಬೆಂಗಳೂರಲ್ಲಿ ಪೀಣ್ಯದಲ್ಲಿ ಕೆಲ್ಸಕ್ಕಿರೋ ಮಗನ ಫೋನಿಗೆ, ಅವ್ನು ಶಿಫ್ಟಲ್ಲಿರ್ತಾನೆ, ಫೋನ್ ಲಾಕರಲ್ಲಿರತ್ತೆ. ಅಮ್ಮ ಇಲ್ಲಿ ನನ್ನ ಸ್ಟೂಲ್ ಮೇಲೆ ಕೂತು ಅವನ ಟೀ ಬ್ರೇಕ್‌ಗೆ ಕಾಯ್ತಿರ್ತಾಳೆ, ಅವ್ನು ಫೋನ್ ಎತ್ತೋ ಹೊತ್ತಿಗೆ ಓಟಿಪಿ ಎಕ್ಸ್‌ಪೈರ್ ಆಗಿರತ್ತೆ, ಮತ್ತೆ ಮೊದ್ಲಿಂದ.

ಈ ಆ್ಯಪ್ ಮಾಡೋ ಜನ ಒಂದು ಲೆಕ್ಕ ಹಿಡ್ಕೊಂಡಿದಾರೆ, ಒಬ್ಬ ಮನುಷ್ಯ ಅಂದ್ರೆ ಒಂದು ಫೋನು ಒಂದು ನಂಬರ್ರು ಅಂತ. ನಮ್ಮ ಸುತ್ತಮುತ್ತ ಹಳ್ಳಿ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಅನ್ನೋದು ಹಳೇ ಕಾಲದ ಲ್ಯಾಂಡ್‌ಲೈನ್ ಇದ್ದಂಗೆ, ಇಡೀ ಮನೇದು. ಅಪ್ಪ ತೋಟಕ್ಕೆ ಹೋಗೋವಾಗ ತಗೊಂಡ್ಹೋಗ್ತಾನೆ, ಸಂಜೆ ಮಗಳ ಕೈಗೆ ಬರತ್ತೆ, ಆಮೇಲೆ ಅಜ್ಜಿ ಯೂಟ್ಯೂಬಲ್ಲಿ ಭಜನೆ ಹಾಕ್ಸ್ಕೊಂಡು ಕೇಳ್ತಾಳೆ. ಸ್ಕೂಲಿನ ಹೋಂವರ್ಕ್ ಬರೋ ವಾಟ್ಸಾಪ್ ಗ್ರೂಪೂ ಅದೇ ಫೋನಲ್ಲಿ, ಕೊಬ್ಬರಿ ರೇಟ್ ಬರೋ ಗ್ರೂಪೂ ಅದೇ ಫೋನಲ್ಲಿ. 2025ರಲ್ಲಿ ಕೊಬ್ಬರಿ ಕ್ವಿಂಟಾಲಿಗೆ 20 ಸಾವಿರ ದಾಟಿ ಮೇಲೆ ಮೇಲೆ ಹೋಗ್ತಿದ್ದಾಗ ಎಪಿಎಂಸಿ ಹರಾಜಿನ ದಿನ ಆ ಫೋನ್ ಮಕ್ಕಳ ಕೈಗೆ ಎಲ್ಲಿ ಸಿಗ್ತಿತ್ತು ಹೇಳಿ, ಹೋಂವರ್ಕ್ ಎಲ್ಲಾ ರಾತ್ರಿ ಊಟ ಆದ್ಮೇಲೆ.

ಫೋನ್‌ಪೇ ವಿಷ್ಯ ತಗೊಳಿ. ಯುಪಿಐ ಬಂದಿದ್ದು 2016ರಲ್ಲಿ, ಈಗ ಎಳನೀರಿನೋನ ಹತ್ರನೂ ಕ್ಯೂಆರ್ ಬೋರ್ಡಿದೆ, ದುಡ್ಡು ಬಂದ ತಕ್ಷಣ ಸ್ಪೀಕರಲ್ಲಿ ಸುದೀಪ್ ದನಿ ಕೂಗತ್ತೆ, ನೋಡೋಕೆ ಚೆನ್ನಾಗೇ ಇದೆ. ಆದ್ರೆ ಅದು ಕೆಲ್ಸ ಮಾಡೋದು ಹೆಂಗೆ ಅಂದ್ರೆ ಬ್ಯಾಂಕಲ್ಲಿ ಯಾವ ನಂಬರ್ ಕೊಟ್ಟಿದೀರೋ ಅದೇ ಸಿಮ್ಮು ಆ ಫೋನಲ್ಲೇ ಇರ್ಬೇಕು, ಅದರಿಂದಲೇ ಒಂದು ಎಸ್ಸೆಮ್ಮೆಸ್ ಹೋಗಿ ಅಕೌಂಟ್ ಜೋಡಣೆ ಆಗ್ಬೇಕು. ಕಳ್ಳತನ ತಡಿಯೋಕೆ ಒಳ್ಳೇ ಏರ್ಪಾಡೇ ಸರಿ. ಆದ್ರೆ ನನ್ನ ಸ್ಟೂಲ್ ಮೇಲೆ ಕೂತಿರೋ ಆ ತಾಯಿ ಪಾಸ್‌ಬುಕ್ ಮಾಡ್ಸೋವಾಗ ಕೈಲಿ ಫೋನ್ ಇರ್ಲಿಲ್ಲ, ಮಗನ ನಂಬರ್ ಬರ್ಸಿದ್ಲು. ಈಗ ಮಗ ಐದು ಸಾವಿರದ ಒಂದು ಸ್ಮಾರ್ಟ್‌ಫೋನ್ ತಂದ್ಕೊಟ್ಟಿದಾನೆ, ಸಿಮ್ಮೂ ಹಾಕ್ಸಿದಾನೆ, ಆಯಮ್ಮ ನನ್ ಹತ್ರ ಬಂದು ನಂಗೂ ಫೋನ್‌ಪೇ ಹಾಕ್ಕೊಡಪ್ಪ ಅಂತಾಳೆ, ನಾನು ಆಗಲ್ಲಮ್ಮ ಅಂತೀನಿ. ದುಡ್ಡು ಅವಳದು, ಅಕೌಂಟ್ ಅವಳದು, ಆದ್ರೂ ನೂರು ರೂಪಾಯಿ ತರಕಾರಿಗೆ ಬೆಂಗಳೂರಿಗೆ ಫೋನ್ ಮಾಡಿ, ಅಲ್ಲಿಂದ ಮಗ ಇಲ್ಲಿ ತರಕಾರಿಯೋನಿಗೆ ಹಾಕ್ಬೇಕು. ನಂಬರ್ ಬದಲಾಯಿಸ್ಕೊಳಿ ಅಂದ್ರೆ ಮೊದ್ಲು ಆಧಾರ್ ಸೆಂಟರ್ ಕ್ಯೂ, ಆಮೇಲೆ ಬ್ಯಾಂಕ್ ಕ್ಯೂ, ಅಲ್ಲಿ ಇವತ್ತು ಸರ್ವರ್ ಇಲ್ಲ ನಾಳೆ ಬನ್ನಿ, ಒಂದು ದಿನದ ಕೂಲಿ ಹೋಯ್ತು.

ಗಂಡಸರ ಫೋನಿಗೆ ಹೆಂಗಸರ ಅಕೌಂಟ್ ಸಿಗಾಕ್ಕೊಂಡಿರೋದು ಇನ್ನೂ ಬೇರೆ ಕತೆ. 2023ರ ಆಗಸ್ಟಿಂದ ಗೃಹಲಕ್ಷ್ಮಿ ಎರಡು ಸಾವಿರ ಬರ್ತಿದೆಯಲ್ಲ, ಮನೆ ಯಜಮಾನಿ ಹೆಸರಿಗೇ ಅಂತ ಅಷ್ಟು ಯೋಚ್ನೆ ಮಾಡಿ ತಂದ ಯೋಜನೆ, ದುಡ್ಡು ಜಮಾ ಆದ ಮೆಸೇಜು ಮಾತ್ರ ಎಷ್ಟೋ ಮನೇಲಿ ಗಂಡನ ಫೋನಿಗೆ ಬರತ್ತೆ. ನನ್ನ ಅಂಗಡಿಗೆ ಬಂದು "ನೋಡಣ್ಣ ಈ ತಿಂಗ್ಳು ಬಿತ್ತಾ ಇಲ್ವಾ" ಅಂತ ಮೆಲ್ಲಗೆ ಕೇಳೋ ಹೆಂಗಸರು ಇದಾರೆ, ಬಿದ್ದಿದ್ದು ಗಂಡನಿಗೆ ಗೊತ್ತು, ಇವರಿಗೆ ಗೊತ್ತಿರಲ್ಲ. ಆಧಾರ್ ನಂಬರ್ ಹೇಳಿ ಬೆರಳಚ್ಚು ಒತ್ತಿದ್ರೆ ಬ್ಯಾಲೆನ್ಸ್ ಗೊತ್ತಾಗತ್ತೆ, ಆ ಮಷೀನ್ ಪಕ್ಕದ ಬೀದೀಲಿದೆ, ಅಲ್ಲಿಗೆ ಕಳಿಸ್ತೀನಿ. ಸರ್ಕಾರ ಕಷ್ಟಪಟ್ಟು ಯಜಮಾನಿ ಹೆಸರು ಬರೆದಿದ್ದು ರೇಷನ್ ಕಾರ್ಡಲ್ಲೇ ಉಳ್ಕೊಳ್ತು ಅನ್ಸತ್ತೆ ಒಂದೊಂದ್ಸಲ.

ಈಗ ಓಟಿಪಿಗೆ ಬರ್ತೀನಿ, ಪತ್ರ ಬರೆಯೋಕೆ ಕೂತಿದ್ದೇ ಇದಕ್ಕೆ. ಬ್ಯಾಂಕಿನೋರು ಪೊಲೀಸ್ನೋರು ಎಲ್ರೂ ಹೇಳೋದು ಒಂದೇ, ಓಟಿಪಿ ಯಾರ ಜೊತೆನೂ ಹಂಚ್ಕೋಬೇಡಿ. ಫೋನ್ ರಿಂಗ್ ಆಗೋ ಮುಂಚೆನೂ ಅದೇ ಹೇಳೋರು. ಸರಿ, ಈಗ ಒಂದು ಸಾಮಾನ್ಯ ಮನೆಯ ದಿನ ನೋಡಿ. ಗ್ಯಾಸ್ ಸಿಲಿಂಡರ್ ತಂದೋನು ಬಾಗ್ಲಲ್ಲೇ ನಿಂತು ಡೆಲಿವರಿ ಕೋಡ್ ಹೇಳಿ ಅಂತಾನೆ, 2020ರಿಂದ ಅದು ಶುರುವಾಗಿದೆ. ಕೊರಿಯರ್‌ನೋನು ಕೇಳ್ತಾನೆ. ಬೆಂಗಳೂರಿಗೆ ಹೋಗಿ ಆಟೋ ಬುಕ್ ಮಾಡಿದ್ರೆ ಕೂತ ತಕ್ಷಣ ನಾಲ್ಕು ಅಂಕಿ ಹೇಳ್ಬೇಕು, ಹೇಳ್ದಿದ್ರೆ ಮೀಟರ್ ಶುರುವಾಗಲ್ಲ. ಹೊಸ ಸಿಮ್ ತಗೊಂಡ್ರೆ ಅಂಗಡಿಯೋನು ಕೇಳ್ತಾನೆ. ಅರ್ಜಿ ಹಾಕೋಕೆ ಹೋದ್ರೆ ಕಂಪ್ಯೂಟರ್ ಮುಂದೆ ಕೂತಿರೋ ಹುಡುಗ "ಓಟಿಪಿ ಹೇಳಿ" ಅಂತ ಕೂಗಿ ಕೇಳ್ತಾನೆ, ಇವರೂ ಎಲ್ರಿಗೂ ಕೇಳೋ ಹಂಗೆ ಕೂಗಿ ಹೇಳ್ತಾರೆ. ನಾನೂ ದಿನಾ ಕೇಳ್ತೀನಿ, ಕೇಳ್ದೆ ಅರ್ಜಿ ಮುಂದಕ್ಕೇ ಹೋಗಲ್ಲ. ಹಿಂಗೆ ಬೆಳಗಿಂದ ಸಂಜೆವರೆಗೆ ಮರ್ಯಾದಸ್ಥರೆಲ್ಲ ಓಟಿಪಿ ಕೇಳಿ ಕೇಳಿ ಅಭ್ಯಾಸ ಮಾಡ್ಸಿ, ಸಂಜೆ ಒಬ್ಬ ಕಳ್ಳ ಫೋನ್ ಮಾಡಿ ಬ್ಯಾಂಕಿಂದ ಮಾತಾಡ್ತಿದೀವಿ ಓಟಿಪಿ ಹೇಳಿ ಅಂದಾಗ ಆ ಮನುಷ್ಯನಿಗೆ ಇದು ಬೇರೆ ಅಂತ ಹೊಳೀಬೇಕು ಅಂದ್ರೆ ಹೆಂಗೆ? ದುಡ್ಡು ಹೋದ್ಮೇಲೆ ನೀವ್ಯಾಕ್ರೀ ಹೇಳಿದ್ರಿ ಅಂತ ಅವನ್ನೇ ಬೈಯೋದು. ಓದಿರೋರೇ ಹೇಳ್ತಾರೆ, ಎಂಥಾ ಮೂರ್ಖರು ಅಂತ. ಕೇಳಿ ಕೇಳಿ ಸಾಕಾಗಿದೆ ನಂಗೆ.

ಮೆಸೇಜನ್ನ ಇಂಗ್ಲಿಷಲ್ಲಿ ಅಷ್ಟುದ್ದ ಕಳ್ಸೋ ಬದ್ಲು ಕನ್ನಡದಲ್ಲಿ ಎರಡು ಸಾಲು, ಇದು ದುಡ್ಡು ಹೋಗೋ ನಂಬರ್ರು ಬಾಯ್ಬಿಡ್ಬೇಡಿ, ಇದು ಸಿಲಿಂಡರ್ ನಂಬರ್ರು ಹುಡುಗನಿಗೆ ಹೇಳಿ, ಅಂತ ಶುರುನಲ್ಲೇ ಇದ್ರೆ ಎಷ್ಟೋ ವಾಸಿ. ಎರಡಕ್ಕೂ ಬೇರೆ ಬೇರೆ ಹೆಸರಿಟ್ರೂ ಆಗತ್ತೆ. ಈಗ ಎಲ್ಲಾ ಒಂದೇ ಓಟಿಪಿ.

ಇನ್ನು ಯುಪಿಐ ಪಿನ್. ನನ್ನ ಕೈಗೆ ಫೋನ್ ಕೊಟ್ಟು "ನೀನೇ ಒತ್ತಪ್ಪ, ಹತ್ತೊಂಬತ್ತು ಎಪ್ಪತ್ತೆರಡು" ಅಂತ ಹೇಳೋರು ಒಬ್ಬಿಬ್ಬರಲ್ಲ, ಹುಟ್ಟಿದ ವರ್ಷನೇ ಪಿನ್ನು. ನಾನು ಫೋನ್ ವಾಪಸ್ ಕೊಟ್ಟು ನೀವೇ ಒತ್ತಿ ಅಂತೀನಿ, ಕನ್ನಡಕ ತಂದಿಲ್ಲ ಅಂತಾರೆ, ಕೌಂಟರಲ್ಲಿ ಒಂದು ಓದೋ ಕನ್ನಡಕ ಇಟ್ಟಿದೀನಿ ಈಗ, ಅದಕ್ಕೇ. ದುಡ್ಡು ನಮಗೆ ಬರೋದಾದ್ರೆ ಪಿನ್ ಒತ್ತೋದೇ ಬೇಡ, ಕೊಡೋವಾಗ ಮಾತ್ರ ಒತ್ತೋದು, ಇದೊಂದು ಗೊತ್ತಿದ್ರೆ ಅರ್ಧ ಮೋಸ ನಿಲ್ಲತ್ತೆ. ಇಷ್ಟು ವರ್ಷ ಆದ್ರೂ ಇದನ್ನ ಗೊತ್ತಿಲ್ದೋರೇ ಜಾಸ್ತಿ ನನ್ ಕೌಂಟರ್ ಮುಂದೆ. ಮದ್ವೆ ಕಾರ್ಡು ಅಂತ ವಾಟ್ಸಾಪಲ್ಲಿ ಬರೋ ಎಪಿಕೆ ಫೈಲಂತೂ (ಒತ್ತಿದ್ರೆ ಕಳ್ಳ ಆ್ಯಪ್ ಫೋನೊಳಗೆ ಕೂರೋ ಫೈಲು) ಹಂಚ್ಕೊಂಡಿರೋ ಫೋನಿಗೆ ಇನ್ನೂ ಅಪಾಯ, ಯಾರ ಮದ್ವೆನೋ ಅಂತ ಮಗು ಒತ್ಬಿಟ್ರೆ ಆ ಫೋನಿಗೆ ಬರೋ ಮೆಸೇಜೆಲ್ಲ ಕಳ್ಳನ ಕೈಗೆ, ಅಜ್ಜಿ ಅಕೌಂಟು ಅಪ್ಪನ ಅಕೌಂಟು ಎಲ್ಲಾ ಒಟ್ಟಿಗೆ. ಹಂಗಾದ್ರೆ ತಕ್ಷಣ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡ್ಬೇಕು, ತಡ ಆದಷ್ಟೂ ದುಡ್ಡು ವಾಪಸ್ ಸಿಗೋದು ಕಷ್ಟ.

ನಮ್ಮಂಥ ಅಂಗಡಿಗಳ ಬಗ್ಗೆನೂ ಹೇಳ್ಬೇಕು, ಬರೀ ಬೇರೆಯವ್ರನ್ನ ಅಂದ್ರೆ ನ್ಯಾಯ ಆಗಲ್ಲ. ಪ್ರಿಂಟ್ ಬೇಕು ಅಂದ್ರೆ ಎಲ್ಲಾ ಕಡೆ ಗೋಡೆ ಮೇಲೆ ವಾಟ್ಸಾಪ್ ನಂಬರ್ ಅಂಟ್ಸಿರ್ತಾರೆ, ಇದಕ್ಕೆ ಕಳ್ಸಿ ಅಂತ. ಊರಿನ ಆಧಾರ್, ಪ್ಯಾನು, ಮಾರ್ಕ್ಸ್ ಕಾರ್ಡು, ಪಹಣಿ, ಒಬ್ಬೊಬ್ಬರ ಸ್ಕ್ಯಾನಿಂಗ್ ರಿಪೋರ್ಟು ಕೂಡ ಜೆರಾಕ್ಸ್ ಅಂಗಡಿ ಫೋನಲ್ಲಿ ಬಿದ್ದಿರತ್ತೆ, ಯಾರೂ ಅಳಿಸಲ್ಲ. ಇ-ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆ ನಿಜ, ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ಮತ್ತೆ ಹುಟ್ಟಿದ ವರ್ಷ, ಅದು ಪ್ರತಿಯೊಬ್ಬ ಜೆರಾಕ್ಸ್‌ನೋನಿಗೂ ಬಾಯಿಪಾಠ. ವಾಟ್ಸಾಪಲ್ಲಿ 24 ಗಂಟೇಲಿ ಮೆಸೇಜ್ ತಾನೇ ಅಳಿಸೋಗೋ ಸೆಟ್ಟಿಂಗ್ ಇದೆ, ನಾನು ಅದು ಹಾಕಿದೀನಿ, ಫೋಟೋ ಗ್ಯಾಲರಿಗೆ ಹೋಗ್ದಂಗೆ ಆಫ್ ಮಾಡಿದೀನಿ, ರಾತ್ರಿ ಶಟರ್ ಎಳೆಯೋ ಮುಂಚೆ ಕಂಪ್ಯೂಟರ್ ಡೌನ್‌ಲೋಡ್ ಫೋಲ್ಡರ್ ಖಾಲಿ ಮಾಡ್ತೀನಿ. ಜಾಣರು ಕೆಲವರು ಒಂದ್ಸಲ ಮಾತ್ರ ನೋಡೋ ಫೋಟೋ ಕಳಿಸ್ತಾರೆ, ಅದು ಸೇವ್ ಆಗಲ್ಲ, ಪ್ರಿಂಟ್ ಹೊಡಿಯೋಕಾಗಲ್ಲ, ಮತ್ತೆ ಮಾಮೂಲಿ ಕಳ್ಸಿ ಅನ್ಬೇಕಾಗತ್ತೆ. ಕೊನೆ ನಾಲ್ಕು ಅಂಕಿ ಮಾತ್ರ ಕಾಣೋ ಮಾಸ್ಕ್ ಮಾಡಿದ ಆಧಾರ್ ಸಿಗತ್ತೆ, ಆದ್ರೆ ಅದನ್ನ ತಗೊಂಡ್ಹೋದ್ರೆ ಎಷ್ಟೋ ಆಫೀಸಲ್ಲಿ "ಪೂರ್ತಿ ನಂಬರ್ ಕಾಣೋದು ತಗೊಂಬಾ" ಅಂತ ವಾಪಸ್ ಅಟ್ಟುತಾರೆ, ಜನ ಏನ್ಮಾಡ್ತಾರೆ.

ಫೋನ್ ಹಂಚ್ಕೊಂಡಂಗೆ ಕ್ಯೂಆರ್ರೂ ಹಂಚ್ಕೋತಾರೆ ನಮ್ಮ ಜನ. ಎಟಿಎಂ ಖಾಲಿ ಇದ್ರೆ ಅಂಗಡಿಗೆ ಬಂದು "ಐನೂರು ಹಾಕ್ತೀನಿ ಕ್ಯಾಶ್ ಕೊಡಿ" ಅಂತಾರೆ, ಕೊಡ್ತೀವಿ, ಅದು ವ್ಯಾಪಾರನೇ ಅಲ್ಲ. ಪಕ್ಕದ ಹೂವಿನಮ್ಮನ ಹತ್ರ ಫೋನಿಲ್ಲ, ಗಿರಾಕಿ ನನ್ನ ಕ್ಯೂಆರ್‌ಗೆ ಹಾಕ್ತಾರೆ, ನಾನು ಅವಳಿಗೆ ಚಿಲ್ರೆ ಕೊಡ್ತೀನಿ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆಯೋರು ಯುಪಿಐ ಲೆಕ್ಕ ಹಿಡ್ದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಬೆಂಗಳೂರಲ್ಲಿ ಅಂಗಡಿ ಅಂಗಡೀಲಿ ಯುಪಿಐ ಇಲ್ಲ ಕ್ಯಾಶ್ ಮಾತ್ರ ಅಂತ ಬೋರ್ಡ್ ಬಿತ್ತಲ್ಲ, ಆಗ ಎಷ್ಟೋ ಜನ ಹೇಳಿದ್ದು ಇದೇ, ಅಕೌಂಟಿಗೆ ಬಂದಿದ್ದೆಲ್ಲ ನಮ್ಮ ವ್ಯಾಪಾರ ಅಲ್ಲ, ಮನೆಯೋರ ದುಡ್ಡು, ಸಾಲದ ದುಡ್ಡು, ಚೀಟಿ ದುಡ್ಡೂ ಅದರಲ್ಲೇ ಸೇರಿದೆ ಅಂತ. ಸರಕು ಮಾರಿದ್ರೆ ವರ್ಷಕ್ಕೆ 40 ಲಕ್ಷ, ಸೇವೆ ಆದ್ರೆ 20 ಲಕ್ಷ ದಾಟಿದ್ರೆ ಜಿಎಸ್‌ಟಿ ನೋಂದಣಿ ಮಾಡ್ಸ್ಬೇಕು ಅನ್ನೋದು ಕಾನೂನು, ದಾಟಿರೋರು ಮಾಡ್ಸ್ಲಿ, ಅದರಲ್ಲಿ ನಂದು ತಕರಾರಿಲ್ಲ. ನಾನು ಹೇಳೋದು ಏನಂದ್ರೆ ಅಲ್ಲೂ ಅದೇ ಲೆಕ್ಕ ಕೈ ಕೊಟ್ಟಿದ್ದು, ಒಂದು ಕ್ಯೂಆರ್ ಅಂದ್ರೆ ಒಬ್ಬ ಅಂತ ಅಂದ್ಕೊಂಡಿದ್ದು.

ಪರಿಹಾರ ಇಲ್ವೇ ಇಲ್ಲ ಅಂತ ಅಲ್ಲ, ಇದೆ, ಹೇಳೋರಿಲ್ಲ. 2024ರ ಆಗಸ್ಟಲ್ಲಿ ಯುಪಿಐ ಸರ್ಕಲ್ ಅಂತ ಒಂದು ತಂದ್ರು. ಮಗ ತನ್ನ ಆ್ಯಪಿಂದ ತಾಯಿ ಫೋನನ್ನ ಸೇರಿಸ್ಕೊಂಡ್ರೆ ಸಾಕು, ತಾಯಿ ತನ್ನ ಫೋನಲ್ಲೇ ಸ್ಕ್ಯಾನ್ ಮಾಡಿ ದುಡ್ಡು ಕೊಡ್ಬಹುದು, ಒಂದ್ಸಲಕ್ಕೆ 5 ಸಾವಿರ, ತಿಂಗಳಿಗೆ 15 ಸಾವಿರದವರೆಗೆ, ಪಿನ್ ಕೇಳ್ಕೊಂಡು ಫೋನ್ ಮಾಡ್ಬೇಕಾಗಿಲ್ಲ. ಬೇಡ ಅಂದ್ರೆ ಪ್ರತಿ ಸಲ ಮಗ ಒಪ್ಪಿಗೆ ಕೊಟ್ರೆ ಮಾತ್ರ ಹೋಗೋ ಥರನೂ ಇಡ್ಬಹುದು. ಭೀಮ್ ಆ್ಯಪಲ್ಲಿ ಇದೆ. ಮೇಲೆ ಹೇಳಿದ ಆ ತಾಯಿಗೆ ಹೇಳಿ ಮಾಡ್ಸಿದಂಗಿದೆ ಇದು. ಬಟನ್ ಫೋನಿನೋರಿಗೆ 2022ರಿಂದ 123ಪೇ ಅಂತ ಇದೆ, ಇಂಟರ್ನೆಟ್ ಇಲ್ದೆ ಬರೀ ಕಾಲ್ ಮಾಡಿ ದುಡ್ಡು ಕಳಿಸೋದು. ನಮ್ಮೂರಲ್ಲಿ ಒಂದು ಬ್ಯಾಂಕಿನ ಕೌಂಟರಲ್ಲಿ ಸರ್ಕಲ್ ಬಗ್ಗೆ ಕೇಳಿದ್ರೆ ಅಲ್ಲಿದ್ದ ಹುಡುಗ ಹಂಗಂದ್ರೇನು ಅಂತ ನನ್ನೇ ಕೇಳ್ದ, ಪಾಪ ಅವನಿಗೂ ಯಾರೂ ಹೇಳಿರ್ಲಿಲ್ಲ, ಗೋಡೆ ಮೇಲೆ ಮಾತ್ರ ಓಟಿಪಿ ಹಂಚ್ಕೋಬೇಡಿ ಅಂತ ಇಷ್ಟುದ್ದ ಬೋರ್ಡಿತ್ತು.

ಆದ್ರಿಂದ ಕೇಳ್ಕೊಳೋದು ಇಷ್ಟು. ಸರ್ಕಾರಿ ಅರ್ಜಿಗಳಲ್ಲಿ ಓಟಿಪಿ ಬರ್ದೇ ಇದ್ರೆ ಬೆರಳಚ್ಚೋ ಮುಖ ತೋರ್ಸೋದೋ ಏನಾದ್ರೂ ಒಂದು ದಾರಿ ಎಲ್ಲಾ ಕಡೆ ಇರ್ಲಿ, ಕೆಲವು ಕಡೆ ಇದೆ ಕೆಲವು ಕಡೆ ಇಲ್ಲ. ಗೃಹಲಕ್ಷ್ಮಿ ಅಕೌಂಟಿಗೆ ಯಜಮಾನಿ ತನ್ನ ನಂಬರ್ ಹಾಕ್ಸೋಕೆ ಪಂಚಾಯ್ತೀಲೇ ಒಂದು ದಿನ ಕ್ಯಾಂಪ್ ಮಾಡ್ಲಿ, ಬ್ಯಾಂಕಿನೋರೇ ಅಲ್ಲಿಗೆ ಬರ್ಲಿ, ಇವರು ಕೂಲಿ ಬಿಟ್ಟು ಅಲೆಯೋದು ಬೇಡ. ಇನ್ನು ನೀವು, ಪೇಪರ್‌ನೋರು, ಆ ಸರ್ಕಲ್ ಹೆಂಗೆ ಹಾಕ್ಕೊಳೋದು ಅಂತ ಚಿತ್ರ ಸಮೇತ ದಪ್ಪ ಅಕ್ಷರದಲ್ಲಿ ಅರ್ಧ ಪುಟ ಹಾಕಿ, ಕತ್ತರಿಸಿ ಅಂಗಡಿ ಬಾಗ್ಲಿಗೆ ಅಂಟ್ಸ್ತೀನಿ. ಲ್ಯಾಮಿನೇಷನ್ ಖರ್ಚು ನಂದೇ.

ಇಂತಿ,
ಜೆರಾಕ್ಸ್ ಅಂಗಡಿಯೋನು, ತಿಪಟೂರು