ಮಗಳಿಗೊಂದು ಪತ್ರ: ಮೇಲಿನ ರೂಮ್ ಖಾಲಿ ಮಾಡ್ಸಿದೀನಿ

ಪುಟ್ಟಿ,

ನಿನ್ನೆ ಫೋನಲ್ಲಿ "ಅಪ್ಪಾ ಇಪ್ಪತ್ತಾರಾಯ್ತು, ಇನ್ನೂ ಒಂದು ಆಲ್ಬಮ್ ಮುಗಿಸೋಕಾಗಿಲ್ಲ" ಅಂತ ಅತ್ತೆಯಲ್ಲ, ಆಗಿಂದ ನಂಗೆ ಇಂಗ್ಲೆಂಡಿನ ಹಾಡುಗಾರ್ತಿ ಕೇಟ್ ಬುಷ್ ನೆನಪಾಗ್ತಿದಾಳೆ. 2022ರಲ್ಲಿ 'ಸ್ಟ್ರೇಂಜರ್ ಥಿಂಗ್ಸ್' ಸೀರೀಸ್ ನೋಡಿ ಮನೆ ತುಂಬ ಹಾಕ್ತಿದ್ದೆಯಲ್ಲ, ಆ 'ರನ್ನಿಂಗ್ ಅಪ್ ದಟ್ ಹಿಲ್' ಹಾಡಿನವಳು. ಹಾಡು ಬಂದಿದ್ದು 1985ರಲ್ಲಿ, ಬ್ರಿಟನ್ನಲ್ಲಿ ನಂಬರ್ ಒನ್ ಆಗಿದ್ದು 37 ವರ್ಷ ಆದ್ಮೇಲೆ.

ಹೆಸರು ಅವಳಿಗೆ ಬೇಗನೇ ಬಂತು, ಅದು ನಿಜ. 1978ರಲ್ಲಿ ಅವಳಿಗೆ 19. ಇಎಂಐ ಅನ್ನೋ ರೆಕಾರ್ಡ್ ಕಂಪನಿಯವ್ರು ಮೊದಲು ಬೇರೆ ಹಾಡು ಬಿಡೋಣ ಅಂದ್ರು, ಇವಳು ಇಲ್ಲ 'ವದರಿಂಗ್ ಹೈಟ್ಸ್' ಹಾಡೇ ಮೊದಲು ಅಂತ ಹಟ ಹಿಡಿದ್ಲು, ಅದು ನಾಲ್ಕು ವಾರ ಬ್ರಿಟನ್ನಲ್ಲಿ ನಂಬರ್ ಒನ್ ಆಗಿತ್ತು. ತಾನೇ ಬರೆದ ಹಾಡಿಂದ ಅಲ್ಲಿ ನಂಬರ್ ಒನ್ ಆದ ಮೊದಲ ಹೆಂಗಸು ಅವಳೇ. ಮಾರನೇ ವರ್ಷದ ಟೂರಲ್ಲಿ ಕುಣೀತಾ ಹಾಡ್ಬೇಕು, ಕೈಯಲ್ಲಿ ಮೈಕ್ ಇದ್ರೆ ಕುಣಿಯೋದ್ಹೇಗೆ, ಅದಕ್ಕೆ ಬಟ್ಟೆ ನೇತುಹಾಕೋ ಹ್ಯಾಂಗರಿನ ತಂತಿ ಬಗ್ಗಿಸಿ ತಲೆಗೆ ಸಿಕ್ಕಿಸೋ ಹಾಗೆ ವೈರ್‌ಲೆಸ್ ಮೈಕ್ ಮಾಡಿದ್ರು! ಈಗ ಸ್ಟೇಜ್ ಮೇಲೆ ಎಲ್ರೂ ಹಾಕ್ಕೊಳೋದು ಅಂಥದ್ದನ್ನೇ ಅಲ್ವಾ.

ಆದ್ರೆ ನಂಗೆ ಇಷ್ಟ ಆಗೋದು ಆಮೇಲಿನ ಕಥೆ. 1982ರಲ್ಲಿ ಪೂರ್ತಿ ತಾನೇ ಪ್ರೊಡ್ಯೂಸ್ ಮಾಡಿದ ಆಲ್ಬಮ್ಮು ಹಿಂದಿನವುಗಳಷ್ಟು ಮಾರ್ಲಿಲ್ಲ, ಬಾಡಿಗೆ ಸ್ಟುಡಿಯೋಗಳಿಗೆ ಸುರಿದ ದುಡ್ಡು ಬೇರೆ. ಮಾರನೇ ವರ್ಷ ಅವಳು ಲಂಡನ್ ಅಂಚಿನ ವೆಲ್ಲಿಂಗಲ್ಲಿದ್ದ ಅಪ್ಪ ಅಮ್ಮನ ಮನೆ ಹಿಂದಿನ ಕೊಟ್ಟಿಗೆಲೇ ಸ್ಟುಡಿಯೋ ಕಟ್ಟಿಸಿದ್ಲು, ಚಿಕ್ಕವಳಿದ್ದಾಗ ಹಳೇ ಆರ್ಗನ್ ನುಡಿಸ್ತಿದ್ದ ಅದೇ ಕೊಟ್ಟಿಗೆ. ಗಂಟೆ ಲೆಕ್ಕದ ಬಾಡಿಗೆ ಇಲ್ಲ, ಹೊತ್ತಾಯ್ತು ಏಳಿ ಅನ್ನೋರಿಲ್ಲ. ಅಲ್ಲಿ ತಯಾರಾದ ಆಲ್ಬಮ್ 1985ರಲ್ಲಿ ನಂಬರ್ ಒನ್, ನೀನು ಹಾಕ್ತಿದ್ದ ಆ ಹಾಡೂ ಅದ್ರಲ್ಲಿಂದೇ ಬಂದಿದ್ದು. ಮುಂದೆ 1993ರ ಆಲ್ಬಮ್ ಆದ್ಮೇಲೆ ಇನ್ನೊಂದು ಬರೋಕೆ 12 ವರ್ಷ, ಮಧ್ಯೆ ಮಗ ಹುಟ್ಟಿದ. 2014ರಲ್ಲಿ ಲಂಡನ್ನಲ್ಲಿ ಮತ್ತೆ 22 ಶೋ ಕೊಟ್ಲು, ಆ ಮೊದಲನೇ ಟೂರ್ ಆಗಿ 35 ವರ್ಷ ಆಗಿತ್ತು.

ಅದಕ್ಕೇ ಬೆಳಿಗ್ಗೆ ಎದ್ದವನೇ ಮೇಲಿನ ರೂಮಿಂದ ಹಳೇ ಪೇಪರು, ತೆಂಗಿನಕಾಯಿ ಮೂಟೆ ಎಲ್ಲ ಕೆಳಗಿಳಿಸಿದೆ. ಕಿಟಕಿಗೆ ದಪ್ಪ ರಗ್ಗು ಹೊಡೆದಿದೀನಿ, ಪಕ್ಕದ ಮನೆ ಮಿಕ್ಸಿ ಸದ್ದು ಈಗ ಅಷ್ಟಾಗಿ ಕೇಳ್ಸಲ್ಲ. ಪ್ಲಗ್ ಪಾಯಿಂಟ್ ಎರಡೇ ಇದಾವೆ, ಎಷ್ಟು ಬೇಕು ಅಂತ ಹೇಳು, ಶನಿವಾರ ಎಲೆಕ್ಟ್ರಿಷಿಯನ್ ಬರ್ತಾನೆ.

ನಿನ್ನ
ಅಪ್ಪ