ಲಾಕ್ ಬಟನ್ ಒಂದು ಕೆಟ್ಟಿದ್ದಕ್ಕೆ ಇಡೀ ರಿಮೋಟ್ ಕೀ ಬದಲಿಸಿದ ಬಗ್ಗೆ ದೂರು

ಗೆ,
ಮುಖ್ಯಸ್ಥರು,
ಗ್ರಾಹಕ ಸೇವಾ ವಿಭಾಗ

ವಿಷಯ: ರಿಮೋಟ್ ಕೀಯ ದೋಷವನ್ನು ಪರೀಕ್ಷಿಸದೆ ಹೊಸ ಕೀ ಹಾಕಿಸಿದ್ದು ಮತ್ತು ಸರಿಯಾಗಿದ್ದ ಎರಡನೇ ಕೀಯನ್ನು ನಮಗೆ ತಿಳಿಸದೆ ರದ್ದು ಮಾಡಿದ್ದು.

ಮಾನ್ಯರೇ,

ನಿಮ್ಮ ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ನನ್ನ ಕಾರಿನ ಕೀಗೆ ಏನಾಯಿತು ಎಂಬುದನ್ನು ನಿಮ್ಮ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ. ಅಲ್ಲಿನ ಮ್ಯಾನೇಜರ್‌ಗೆ ಬಾಯಲ್ಲೂ ಹೇಳಿದ್ದೇನೆ, ಬರೆದೂ ಕೊಟ್ಟಿದ್ದೇನೆ. “ಕಂಪನಿ ಪದ್ಧತಿಯೇ ಹಾಗೆ ಸರ್, ನಮ್ಮ ಕೈಯಲ್ಲಿ ಏನೂ ಇಲ್ಲ” ಎಂದರು. ಪದ್ಧತಿ ನಿಮ್ಮದು ಅಂದ ಮೇಲೆ ಉತ್ತರವನ್ನೂ ನೀವೇ ಕೊಡಬೇಕು. ಅದಕ್ಕೇ ನೇರವಾಗಿ ನಿಮಗೆ ಬರೆಯುತ್ತಿದ್ದೇನೆ.

ಕೀ ಕೆಟ್ಟಿತು ಎಂದು ನನ್ನ ತಕರಾರಿಲ್ಲ. ವರ್ಷಗಟ್ಟಲೆ ದಿನಾ ಒತ್ತುವ ಬಟನ್ ಒಂದಲ್ಲ ಒಂದು ದಿನ ಸವೆಯುತ್ತದೆ. ಆದರೆ ದೋಷ ಎಲ್ಲಿದೆ ಎಂದು ಯಾರೂ ನೋಡಲಿಲ್ಲ. ನೋಡದೆಯೇ ಬದಲಿಸಿದರು, ಬದಲಿಸುವಾಗ ಚೆನ್ನಾಗಿದ್ದ ಇನ್ನೊಂದು ಕೀಯನ್ನೂ ಉಪಯೋಗಕ್ಕೆ ಬಾರದಂತೆ ಮಾಡಿದರು.

ತೊಂದರೆ ಇಷ್ಟೇ ಇತ್ತು. ನಮ್ಮದು ಮಡಚುವ ಕೀ, ಅದಕ್ಕೆ ಮೂರು ಬಟನ್: ಲಾಕ್, ಅನ್‌ಲಾಕ್, ಡಿಕ್ಕಿ. ಅನ್‌ಲಾಕ್ ಒತ್ತಿದರೆ ಪಾರ್ಕಿಂಗ್‌ನ ಆ ತುದಿಯಿಂದಲೂ ಬಾಗಿಲು ತೆರೆಯುತ್ತಿತ್ತು. ಡಿಕ್ಕಿಯ ಬಟನ್ನೂ ಸರಿಯಿತ್ತು. ಲಾಕ್ ಮಾತ್ರ ಒಮ್ಮೆ ಆದರೆ ಇನ್ನೊಮ್ಮೆ ಆಗುತ್ತಿರಲಿಲ್ಲ. ಬೆರಳನ್ನು ಬಟನ್‌ನ ಎಡ ಅಂಚಿಗೆ ಸರಿಸಿ ಬಲವಾಗಿ ಅದುಮಿದರೆ ಇಂಡಿಕೇಟರ್ ಮಿನುಗಿ ಲಾಕ್ ಆಗುತ್ತಿತ್ತು, ನಡುವೆ ಒತ್ತಿದರೆ ಕೀಯ ಮೇಲಿನ ಪುಟ್ಟ ಕೆಂಪು ದೀಪವೂ ಹೊತ್ತುತ್ತಿರಲಿಲ್ಲ. ಲಾಕ್ ಆಯಿತು ಎಂದುಕೊಂಡು ಬಾಗಿಲು ತೆರೆದಿರುವ ಕಾರನ್ನು ಬಿಟ್ಟು ಹೋಗುವ ಅಪಾಯ ಇರುವುದರಿಂದ ಇದನ್ನು ಸಣ್ಣ ತೊಂದರೆ ಎಂದು ಬಿಡುವ ಹಾಗಿರಲಿಲ್ಲ. ಮನೆಯಲ್ಲಿದ್ದ ಎರಡನೇ ಕೀಯಿಂದ ಪ್ರತಿ ಸಲವೂ ಲಾಕ್ ಆಗುತ್ತಿತ್ತು. ಇದಿಷ್ಟನ್ನೂ ಜಾಬ್ ಕಾರ್ಡ್‌ನಲ್ಲಿ ಬರೆಸಿದ್ದೆ. ಅದರ ಪ್ರತಿ ಇದರ ಜೊತೆಗಿದೆ, ದಯವಿಟ್ಟು ಓದಿ.

ಇಷ್ಟು ಕೇಳಿದ ಮೇಲೆ ದೋಷ ಎಲ್ಲಿದೆ ಎಂದು ಹೇಳಲು ಯಾವ ಯಂತ್ರವೂ ಬೇಕಿರಲಿಲ್ಲ. ಮೂರು ಬಟನ್‌ಗೂ ಬ್ಯಾಟರಿ ಒಂದೇ, ಸಿಗ್ನಲ್ ಕಳಿಸುವ ಚಿಪ್ ಒಂದೇ, ಆಂಟೆನಾ ಒಂದೇ. ಅನ್‌ಲಾಕ್ ದೂರದಿಂದಲೇ ಆಗುತ್ತಿದೆ ಎಂದರೆ ಇವೆಲ್ಲ ನೆಟ್ಟಗಿವೆ, ಕಾರಿನೊಳಗಿನ ರಿಸೀವರ್ ಕೂಡ ನೆಟ್ಟಗಿದೆ. ಒತ್ತಿದಾಗಲೆಲ್ಲ ಬದಲಾಗುವ ರೋಲಿಂಗ್ ಕೋಡ್ ಕೀಗೂ ಕಾರಿಗೂ ತಾಳೆಯಾಗುತ್ತಿದೆ. ಎರಡನೇ ಕೀ ಲಾಕ್ ಮಾಡುತ್ತಿದೆ ಎಂದರೆ ಬಾಗಿಲುಗಳ ಮೋಟಾರ್‌ಗಳೂ ಸರಿ. ಇನ್ನು ಉಳಿಯುವುದು ಲಾಕ್ ಬಟನ್ ಅಡಿಯ ಸ್ವಿಚ್, ಅದನ್ನು ಕೀಯೊಳಗಿನ ಸರ್ಕ್ಯೂಟ್ ಬೋರ್ಡಿಗೆ ಹಿಡಿದಿರುವ ಬೆಸುಗೆ, ಮೇಲಿನ ರಬ್ಬರ್, ಇಷ್ಟೇ. ಅಂಚಿನಲ್ಲಿ ಅದುಮಿದರೆ ಕೆಲಸ ಮಾಡುತ್ತದೆ ಎನ್ನುವಾಗ ಮೊದಲ ಅನುಮಾನ ಬೆಸುಗೆಯ ಮೇಲೇ ಬರಬೇಕು.

ಸೆಂಟರ್‌ನ ಸರ್ವಿಸ್ ಅಡ್ವೈಸರ್ ಮಾತ್ರ “ಬ್ಯಾಟರಿ ವೀಕ್” ಎಂದರು. ಬ್ಯಾಟರಿ ಇಳಿದರೆ ಮೂರೂ ಬಟನ್ ಒಟ್ಟಿಗೇ ಸೊರಗುತ್ತವೆ, ಮೊದಲು ದೂರದಿಂದ ಕೇಳುವುದು ನಿಲ್ಲುತ್ತದೆ, ಕಾರಿನ ಪಕ್ಕ ಬಂದರಷ್ಟೇ ಕೇಳುತ್ತದೆ. ನಮ್ಮ ಕೀಯಲ್ಲಿ ಹಾಗಿರಲಿಲ್ಲ. ಹೋಗಲಿ, ಅಳೆದು ನೋಡಿ ಎಂದೆ. ಅದರಲ್ಲಿರುವುದು ಸಿಆರ್2032 ಎಂಬ 3 ವೋಲ್ಟ್‌ನ ಬಟನ್ ಸೆಲ್. ಹೊಸದಾದರೆ ಮಲ್ಟಿಮೀಟರ್ 3.2 ವೋಲ್ಟ್ ಆಸುಪಾಸು ತೋರಿಸುತ್ತದೆ. ಸೆಲ್ಲನ್ನು ಹೊರಗೆ ತೆಗೆದು ಸುಮ್ಮನೆ ಮೀಟರ್ ಹಿಡಿದರೆ ಪೂರ್ತಿ ನಿಜ ಗೊತ್ತಾಗುವುದಿಲ್ಲ ಎಂಬುದೂ ನಿಜ. ಹಳೆಯ ಸೆಲ್‌ನ ಒಳಗಿನ ಪ್ರತಿರೋಧ ಹೆಚ್ಚಿರುತ್ತದೆ, ಬಟನ್ ಒತ್ತಿ ಕರೆಂಟ್ ಎಳೆದ ಕ್ಷಣಕ್ಕೆ ವೋಲ್ಟೇಜ್ ಕುಸಿಯುತ್ತದೆ. ಹಾಗಾಗಿ ಬಟನ್ ಒತ್ತಿ ಹಿಡಿದುಕೊಂಡೇ ಅಳೆಯಬೇಕು. ಅಲ್ಲಿ ಹಾಗೂ ಅಳೆಯಲಿಲ್ಲ, ಹೀಗೂ ಅಳೆಯಲಿಲ್ಲ. ನೇರವಾಗಿ ಸೆಲ್ ಬದಲಿಸಿ ಬಿಲ್ಲಿಗೆ ಸೇರಿಸಿದರು.

ಬದಲಿಸಿದ ರೀತಿಯನ್ನು ಕಣ್ಣಾರೆ ನೋಡಿದ್ದೇನೆ. ಹಳೆಯ ಸೆಲ್ ಸುಲಭಕ್ಕೆ ಬರಲಿಲ್ಲ. ಹುಡುಗ ದಪ್ಪ ಸ್ಕ್ರೂಡ್ರೈವರ್‌ನ ಮೂತಿಯನ್ನು ಸೆಲ್ ಅಡಿಗೆ ತೂರಿಸಿ ಮೀಟಿದ. ಸೆಲ್ ಹಾರಿ ಬಂತು, ಅದನ್ನು ಒತ್ತಿ ಹಿಡಿಯುವ ತೆಳು ತಗಡಿನ ನಾಲಿಗೆ ಚಪ್ಪಟೆಯಾಯಿತು. ಅದನ್ನು ಹಾಗೆಯೇ ಬಿಟ್ಟು ಹೊಸ ಸೆಲ್ ಇಟ್ಟು ಮುಚ್ಚಿದ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಯಾರೂ ಹೇಳಿಕೊಟ್ಟಿಲ್ಲ, ಬೆನ್ನ ಹಿಂದೆ ಹತ್ತು ಕಾರು ಕಾಯುತ್ತಿದ್ದವು. ಕಲಿಸಬೇಕಾದ ಜವಾಬ್ದಾರಿ ನಿಮ್ಮದು.

ಅಲ್ಲಿಂದ ಮುಂದೆ ಅನ್‌ಲಾಕ್ ಬಟನ್ನೂ ಕೈಕೊಡಲು ಶುರುಮಾಡಿತು. ಕೀಯನ್ನು ಅಂಗೈಗೆ ಒಮ್ಮೆ ತಟ್ಟಿದರೆ ಕೇಳುತ್ತಿತ್ತು, ಇಲ್ಲದಿದ್ದರೆ ಇಲ್ಲ. ವಾಪಸ್ ಹೋಗಿ ತೋರಿಸಿದರೆ ಅಡ್ವೈಸರ್ ರಿಸೀವರ್ ಮೇಲೆ ಅನುಮಾನ ಎಂದು ಕಾರನ್ನು ಇಟ್ಟುಕೊಂಡರು. ಎರಡನೇ ಕೀ ತಂದು ಒಮ್ಮೆ ಒತ್ತಿದ್ದರೆ ಆ ಅನುಮಾನ ಅಲ್ಲೇ ಮುಗಿಯುತ್ತಿತ್ತು. ನಾನು ಅದನ್ನೇ ಹೇಳಿದೆ, ಬೇಕಾಗಿಲ್ಲ ಎಂದರು. ಕೀ ಸಿಗ್ನಲ್ ಬಿಡುತ್ತಿದೆಯೇ ಎಂದು ತೋರಿಸುವ ಅಂಗೈಯಗಲದ ಟೆಸ್ಟರ್‌ಗಳಿವೆ. ಕೀಯನ್ನು ಅದರ ಮೇಲಿಟ್ಟು ಒಂದೊಂದೇ ಬಟನ್ ಒತ್ತಿದರೆ, ಸಿಗ್ನಲ್‌ನ ಆವರ್ತನ 433.92 ಮೆಗಾಹರ್ಟ್ಜ್ ಆಗಲಿ, ಕೆಲವು ದೇಶಗಳಲ್ಲಿ ಬಳಸುವ 315 ಆಗಲಿ, ಯಾವ ಬಟನ್‌ಗೆ ಸಿಗ್ನಲ್ ಬರುತ್ತಿದೆ, ಯಾವುದಕ್ಕೆ ಬರುತ್ತಿಲ್ಲ ಎಂದು ಗೊತ್ತಾಗುತ್ತದೆ. ಅದನ್ನೂ ಬಳಸಲಿಲ್ಲ. ಕೊನೆಗೆ ಬಂದ ಮಾತು: “ಕೀ ಹೋಗಿದೆ, ಹೊಸದು ತರಿಸಿ ಪ್ರೋಗ್ರಾಮ್ ಮಾಡಬೇಕು. ಸ್ವಿಚ್ಚು, ಕೇಸು ಬಿಡಿಯಾಗಿ ಬರಲ್ಲ.” ಬೇರೆ ದಾರಿಯಿಲ್ಲ ಎಂದು ಹೇಳಿದ್ದರಿಂದ ಒಪ್ಪಿ ಹಣ ಕಟ್ಟಿದೆ. ಹೊಸ ಕೀ ಬಂದ ದಿನ ಕಾರನ್ನು ಮಾತ್ರ ತರಲು ಹೇಳಿದರು.

ಇದಕ್ಕಿಂತ ಹೆಚ್ಚು ನೋವು ಕೊಟ್ಟಿದ್ದು ಆಮೇಲಿನದು. ಹೊಸ ಕೀ ನನ್ನ ಜೇಬಿನಲ್ಲಿತ್ತು, ನಾನು ಬೇರೆ ಊರಿಗೆ ಹೋಗಿದ್ದೆ. ನನ್ನ ಪತ್ನಿ ಅಮ್ಮನನ್ನು ಡಾಕ್ಟರ ಬಳಿ ಕರೆದುಕೊಂಡು ಹೋಗಲು ಎರಡನೇ ಕೀ ಹಿಡಿದು ಕಾರಿನ ಹತ್ತಿರ ಬಂದರು. ಯಾವ ಬಟನ್ ಒತ್ತಿದರೂ ಕಾರು ಮಿಸುಕಲಿಲ್ಲ. ಕೀಯ ಲೋಹದ ಅಲಗನ್ನು ಬಾಗಿಲಿಗೆ ಹಾಕಿ ತಿರುಗಿಸಿದ ಕೂಡಲೇ ಅಲಾರಂ ಬಡಿದುಕೊಳ್ಳಲು ಶುರುವಾಯಿತು. ಅಮ್ಮ ಬೆಚ್ಚಿ ಗೋಡೆ ಹಿಡಿದು ನಿಂತರಂತೆ. ಇಗ್ನಿಷನ್ ತಿರುಗಿಸಿದರೆ ಎಂಜಿನ್ ಹಿಡಿದ ಹಾಗೆ ಮಾಡಿ ತಕ್ಷಣ ಆರಿತು, ಡ್ಯಾಶ್‌ಬೋರ್ಡ್‌ನಲ್ಲಿ ಕೀ ಚಿತ್ರದ ದೀಪ ಮಿಣುಕುತ್ತಲೇ ಇತ್ತು. ಅಕ್ಕಪಕ್ಕದವರು ಕಾರು ಕಳ್ಳತನ ಆಗುತ್ತಿದೆಯೇನೋ ಎಂದು ಹೊರಗೆ ಬಂದರು. ನಿಮ್ಮ ಸಹಾಯವಾಣಿಯವರು ಫೋನಿನಲ್ಲಿ ಹೇಳಿದ್ದು, “ಕೀ ಬ್ಯಾಟರಿ ಬದಲಿಸಿ ನೋಡಿ.”

ಆ ಸಲಹೆ ಎಷ್ಟು ತಪ್ಪು ಎಂದು ಹೇಳಲೇಬೇಕು. ಇಂಥ ಕೀಯಲ್ಲಿ ಎರಡು ಪ್ರತ್ಯೇಕ ವ್ಯವಸ್ಥೆಗಳಿವೆ. ಬಾಗಿಲು ತೆರೆಯುವ ರಿಮೋಟ್‌ಗೆ ಬ್ಯಾಟರಿ ಬೇಕು. ಎಂಜಿನ್‌ಗೆ ಅನುಮತಿ ಕೊಡುವ ಇಮೊಬಿಲೈಸರ್ ಚಿಪ್‌ಗೆ ಬ್ಯಾಟರಿಯೇ ಬೇಡ. ಇಗ್ನಿಷನ್ ಸುತ್ತ ಇರುವ ಕಾಯಿಲ್‌ನಿಂದ, ಸಾಮಾನ್ಯವಾಗಿ 125 ಕಿಲೋಹರ್ಟ್ಜ್ ಅಲೆಯ ಮೂಲಕ, ಆ ಚಿಪ್ ಶಕ್ತಿ ಪಡೆದು ತನ್ನ ಗುರುತು ಹೇಳುತ್ತದೆ. ಸೆಲ್ ಪೂರ್ತಿ ಸತ್ತಿದ್ದರೂ ಎಂಜಿನ್ ಶುರುವಾಗಬೇಕು. ಬಟನ್ ಒತ್ತಿ ಸ್ಟಾರ್ಟ್ ಮಾಡುವ ಕಾರುಗಳಲ್ಲೂ ಸೆಲ್ ಸತ್ತಾಗ ಕೀಯನ್ನು ಸ್ಟಾರ್ಟ್ ಬಟನ್‌ಗೆ ತಾಗಿಸಿ ಹಿಡಿಯಿರಿ ಎಂದು ಕೈಪಿಡಿಗಳಲ್ಲಿ ಬರೆದಿರುವುದು ಇದೇ ಕಾರಣಕ್ಕೆ. ಹಿಂದಿನ ದಿನದವರೆಗೆ ಚೆನ್ನಾಗಿದ್ದ ಕೀಯಲ್ಲಿ ರಿಮೋಟೂ ಇಲ್ಲ, ಸ್ಟಾರ್ಟೂ ಇಲ್ಲ, ಇಮೊಬಿಲೈಸರ್ ದೀಪ ಬೇರೆ ಮಿಣುಕುತ್ತಿದೆ ಎಂದರೆ ಕಾರು ಆ ಕೀಯನ್ನು ಮರೆತಿದೆ ಎಂದರ್ಥ.

ಆಗಿದ್ದೂ ಅದೇ. ನಮ್ಮ ಮಾಡೆಲ್‌ನಲ್ಲಿ ಹೊಸ ಕೀ ಸೇರಿಸುವಾಗ ಹಳೆಯವೆಲ್ಲ ಅಳಿದುಹೋಗುತ್ತವೆ, ಆಗ ಎದುರಿಗಿರುವ ಕೀಗಳಷ್ಟೇ ಹೊಸದಾಗಿ ದಾಖಲಾಗುತ್ತವೆ ಎಂದು ನಿಮ್ಮ ಮ್ಯಾನೇಜರ್ ಆಮೇಲೆ ಒಪ್ಪಿಕೊಂಡರು. ಕಳೆದುಹೋದ ಕೀ ಕಳ್ಳನ ಕೈ ಸೇರಿದ್ದರೆ ಅದರಿಂದ ಕಾರು ಶುರುವಾಗಬಾರದು, ಆ ದೃಷ್ಟಿಯಿಂದ ಈ ವ್ಯವಸ್ಥೆ ಒಳ್ಳೆಯದೇ. ಆದರೆ ನಾನು ಯಾವ ಕೀಯನ್ನೂ ಕಳೆದುಕೊಂಡಿರಲಿಲ್ಲ. “ನಿಮ್ಮಲ್ಲಿರುವ ಎಲ್ಲ ಕೀಗಳನ್ನೂ ತನ್ನಿ” ಎಂಬ ಒಂದು ಸಾಲು ಸಾಕಿತ್ತು. ಕಾರು ರೆಡಿ, ಬಿಲ್ ರೆಡಿ, ರೇಟಿಂಗ್ ಕೊಡಿ ಎಂದೆಲ್ಲ ಮೆಸೇಜ್ ಕಳಿಸುವವರಿಗೆ ಈ ಸಾಲು ಕಳಿಸಲು ಆಗಲಿಲ್ಲವೇ?

ಹಳೆಯ ಕೀಯನ್ನು ನಾನು ಪಟ್ಟು ಹಿಡಿದು ವಾಪಸ್ ಪಡೆದಿದ್ದೆ. ಸ್ಕ್ರ್ಯಾಪ್ ಸರ್, ಏನು ಮಾಡ್ತೀರಿ ಎಂದಿದ್ದರು. ಅದನ್ನು ಎಲೆಕ್ಟ್ರಾನಿಕ್ಸ್ ರಿಪೇರಿ ಮಾಡುವ ಪರಿಚಿತರೊಬ್ಬರ ಬಳಿ ಕೊಂಡೊಯ್ದೆ. ಅವರು ಕೀಯನ್ನು ಬಿಚ್ಚಿ, ಬೋರ್ಡನ್ನು ಭೂತಗನ್ನಡಿಯ ಕೆಳಗಿಟ್ಟು ನನ್ನನ್ನು ಕರೆದು ತೋರಿಸಿದರು. ಲಾಕ್ ಸ್ವಿಚ್ ಹೆಸರುಕಾಳಿಗಿಂತ ಸ್ವಲ್ಪ ದೊಡ್ಡದು, ನಾಲ್ಕು ಕಾಲು. ಒಂದು ಬದಿಯ ಎರಡು ಕಾಲುಗಳ ಬುಡದಲ್ಲಿ ಬೆಸುಗೆಯ ಮೇಲೆ ಕೂದಲೆಳೆಯಷ್ಟು ತೆಳುವಾದ ಬಿರುಕು ಸುತ್ತಿಕೊಂಡಿತ್ತು. ಮರದ ಕಡ್ಡಿಯಿಂದ ಸ್ವಿಚ್‌ನ ಮೈಯನ್ನು ಆ ಕಡೆಗೆ ಒತ್ತಿ ಹಿಡಿದು ಬಟನ್ ಅದುಮಿದರೆ ಕೆಂಪು ದೀಪ ಹೊತ್ತುತ್ತಿತ್ತು, ಕಡ್ಡಿ ತೆಗೆದರೆ ಇಲ್ಲ. ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು ಸ್ವಿಚ್‌ನ ಕಾಲುಗಳಿಗೇ ಮುಟ್ಟಿಸಿದಾಗ ಒತ್ತಿದಷ್ಟು ಸಲವೂ ಶಬ್ದ ಬಂತು, ಅಂದರೆ ಸ್ವಿಚ್ಚೂ ಹಾಳಾಗಿರಲಿಲ್ಲ. ಬೆಸುಗೆ ಹಿಡಿಯಲು ನೆರವಾಗುವ ಫ್ಲಕ್ಸ್ ಚೂರು ಹಚ್ಚಿ, ಬೆಸುಗೆಯನ್ನು ಮತ್ತೆ ಕರಗಿಸಿ ಕೂರಿಸಿದರು. ಚಪ್ಪಟೆಯಾಗಿದ್ದ ತಗಡಿನ ನಾಲಿಗೆಯನ್ನು ಚಿಮಟದಿಂದ ಮೇಲೆತ್ತಿದರು, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿದರು. ಅರ್ಧ ಗಂಟೆಯೂ ಹಿಡಿಯಲಿಲ್ಲ. ಮೂರೂ ಬಟನ್‌ಗೆ ದೀಪ ಹೊತ್ತುತ್ತದೆ, ಅವರ ಟೆಸ್ಟರ್‌ನಲ್ಲಿ ಮೂರಕ್ಕೂ ಸಿಗ್ನಲ್ ಬರುತ್ತದೆ. ಕಾರಿಗೆ ಮಾತ್ರ ಆ ಕೀಯ ಗುರುತಿಲ್ಲ, ಏಕೆಂದರೆ ನೀವು ಅಳಿಸಿದ್ದೀರಿ. ಸದ್ಯ ಮನೆಯಲ್ಲಿ ಮೂರು ಕೀಗಳಿವೆ. ಮೂರರ ಬಟನ್‌ಗಳೂ ಸರಿಯಾಗಿವೆ, ಕಾರು ಶುರುವಾಗುವುದು ಒಂದರಿಂದ.

ನಿಮ್ಮ ವಿನ್ಯಾಸದವರಿಗೂ ಒಂದು ಮಾತು ತಲುಪಿಸಿ. ಬೆರಳಿನ ಒತ್ತಡವೆಲ್ಲ ಬೋರ್ಡ್ ಮೇಲ್ಮೈಗೆ ಅಂಟಿದ ಆ ನಾಲ್ಕು ಬೆಸುಗೆಗಳ ಮೇಲೇ ಬೀಳುತ್ತಿದೆ. ಮೇಲಿನ ರಬ್ಬರ್ ಸವೆದಷ್ಟೂ ಜನ ಇನ್ನಷ್ಟು ಬಲವಾಗಿ ಒತ್ತುತ್ತಾರೆ, ಬೆಸುಗೆ ಇನ್ನೂ ಬೇಗ ಬಿಡುತ್ತದೆ. ರಬ್ಬರ್ ಪ್ಯಾಡ್ ಒಂದನ್ನಾದರೂ ಬಿಡಿಯಾಗಿ ಮಾರಿದ್ದರೆ ಎಷ್ಟೋ ಕೀಗಳು ಉಳಿಯುತ್ತವೆ. ನೀವು ಕೇಸ್ ಮಾರುವುದಿಲ್ಲ ಎಂದು ಜನ ಹೊರಗಿನ ನಕಲಿ ಕೇಸ್ ಕೊಳ್ಳುತ್ತಾರೆ. ಕೆಲವು ಕೀಗಳಲ್ಲಿ ಇಮೊಬಿಲೈಸರ್ ಚಿಪ್ ಬೋರ್ಡಿನಲ್ಲಿರದೆ ಕೇಸಿನ ಮೂಲೆಯಲ್ಲಿ ಬೇರೆಯಾಗಿ ಕೂತಿರುತ್ತದೆ. ಗೊತ್ತಿಲ್ಲದವರು ಹಳೆಯ ಕೇಸಿನ ಜೊತೆ ಅದನ್ನೂ ಎಸೆದು, ಕಾರು ಏಕೆ ಶುರುವಾಗುತ್ತಿಲ್ಲ ಎಂದು ಪರದಾಡುತ್ತಾರೆ.

ನಿಮ್ಮಿಂದ ನಾನು ಕೇಳುತ್ತಿರುವುದು ಇಷ್ಟು. ಎರಡನೇ ಕೀಯನ್ನೂ ರಿಪೇರಿಯಾದ ಹಳೆಯ ಕೀಯನ್ನೂ ನನ್ನ ಎದುರಿಗೇ, ಯಾವ ಶುಲ್ಕವೂ ಇಲ್ಲದೆ ಕಾರಿಗೆ ಮತ್ತೆ ಸೇರಿಸಿಕೊಡಬೇಕು. ಅಗತ್ಯವೇ ಇರದಿದ್ದ ಹೊಸ ಕೀ, ಅದರ ಪ್ರೋಗ್ರಾಮಿಂಗ್, ಬ್ಯಾಟರಿ, ರಿಸೀವರ್ ತಪಾಸಣೆ, ಈ ನಾಲ್ಕರ ಹಣ ಹಿಂತಿರುಗಿಸಬೇಕು. ಹೊಸ ಕೀಯನ್ನು ನೀವು ವಾಪಸ್ ತೆಗೆದುಕೊಳ್ಳುವುದಾದರೆ ಕೊಡಲು ಸಿದ್ಧನಿದ್ದೇನೆ, ಆದರೆ ಉಳಿದೆರಡು ಕೀಗಳಿಂದ ಎಂಜಿನ್ ಶುರುವಾಗುವುದನ್ನು ನೋಡಿದ ಮೇಲೆಯೇ ಕೊಡುತ್ತೇನೆ. ಮುಂದೆ ಯಾವುದೇ ಸೆಂಟರ್‌ನಲ್ಲಿ ಕೀ ಬದಲಿಸುವ ಮುನ್ನ ಯಾವ ಬಟನ್ ಕೆಲಸ ಮಾಡುತ್ತಿದೆ, ಇನ್ನೊಂದು ಕೀಯಲ್ಲಿ ಹೇಗಿದೆ, ಒತ್ತಿ ಹಿಡಿದಾಗ ಸೆಲ್ ಎಷ್ಟು ವೋಲ್ಟ್ ತೋರಿಸುತ್ತದೆ ಎಂಬುದನ್ನು ಜಾಬ್ ಕಾರ್ಡ್‌ನಲ್ಲಿ ಬರೆಯಲೇಬೇಕೆಂದು ನಿಯಮ ಮಾಡಿ. ಎಲ್ಲ ಕೀಗಳೂ ಎದುರಿಗಿವೆ ಎಂದು ಗ್ರಾಹಕರ ಸಹಿ ಪಡೆಯದೆ ಅಳಿಸುವ ಕೆಲಸಕ್ಕೆ ಯಾರೂ ಕೈಹಾಕಬಾರದು. ಸಹಾಯವಾಣಿಯಲ್ಲಿ ಕೂರುವವರಿಗೆ ಬ್ಯಾಟರಿ ಸಾಯುವುದಕ್ಕೂ ಇಮೊಬಿಲೈಸರ್ ಕೀ ಗುರುತಿಸದಿರುವುದಕ್ಕೂ ಇರುವ ವ್ಯತ್ಯಾಸ ಹೇಳಿಕೊಡಿ. ವಯಸ್ಸಾದವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಫೋನ್ ಮಾಡುವವರಿಗೆ ಸರಿಯಾದ ಉತ್ತರ ಆ ಕ್ಷಣಕ್ಕೇ ಬೇಕು.

ಈ ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಕೊಡಿ. ಫೋನ್ ಮಾಡಿ ದೂರನ್ನು ಮುಗಿಸಿಬಿಡುವುದು ಬೇಡ. ಉತ್ತರ ಬರದಿದ್ದರೆ ಇದೇ ದಾಖಲೆಗಳೊಂದಿಗೆ ಗ್ರಾಹಕರ ನ್ಯಾಯಾಲಯಕ್ಕೆ ಹೋಗುತ್ತೇನೆ. ಹಳೆಯ ಕೀಯ ಬೋರ್ಡನ್ನು ಬೆಸುಗೆ ಹಾಕುವ ಮೊದಲೂ ಆಮೇಲೂ ಹತ್ತಿರದಿಂದ ತೆಗೆದ ಫೋಟೋಗಳಿವೆ, ನಿಮ್ಮ ತಂತ್ರಜ್ಞರು ನೋಡಲಿ.

ಇಂತಿ,
ನಿಮ್ಮ ಗ್ರಾಹಕ
(ಸಹಿ)

ಲಗತ್ತು: ಜಾಬ್ ಕಾರ್ಡ್ ಮತ್ತು ಬಿಲ್‌ಗಳ ಪ್ರತಿ, ಮ್ಯಾನೇಜರ್‌ಗೆ ಕೊಟ್ಟ ಪತ್ರದ ಪ್ರತಿ, ಬೋರ್ಡ್‌ನ ಫೋಟೋಗಳು.