ಬಜ್ಪೆಗೆ ಹೊರಟು ಬಜಾಲ್ ಸೇರಿದ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಓದಿದೆ. ಬಜ್ಪೆಗೆ ಹೋಗಬೇಕಾದವನು ಬಜಾಲ್ ಬಸ್ಸು ಹತ್ತಿದೆ, ಅಷ್ಟೇ ತಾನೇ? ಅಷ್ಟಕ್ಕೇ "ನನ್ನ ಕಥೆ ಮುಗಿಯಿತು" ಎಂದು ಪುಟಗಟ್ಟಲೆ ಗೋಳಾಡುವ ಅಗತ್ಯವಿರಲಿಲ್ಲ ಮಾರಾಯ. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಕಂಡಕ್ಟರುಗಳು ಊರಿನ ಹೆಸರನ್ನು ಪೂರ್ತಿ ಹೇಳಿದ್ದನ್ನು ನೀನು ಯಾವ ಕಾಲದಲ್ಲಿ ಕೇಳಿದ್ದೀಯ? ಮೊದಲ ಎರಡಕ್ಷರ ಬಾಯಿಂದ ಹೊರಬರುವಷ್ಟರಲ್ಲಿ ಸೀಟಿ ಊದಿ ಆಗಿರುತ್ತದೆ. ಇಪ್ಪತ್ತರ ಹುಡುಗ ಇದೇ ತಪ್ಪು ಮಾಡಿದ್ದರೆ ಇಳಿದು, ನಕ್ಕು, ಇನ್ನೊಂದು ಬಸ್ಸು ಹಿಡಿಯುತ್ತಿದ್ದ. ನಾವು ಮಾಡಿದರೆ ಮಾತ್ರ ಮನೆಯವರೆಲ್ಲ ನಮ್ಮ ತಲೆಯನ್ನೇ ನೋಡುತ್ತಾರೆ.

ನನಗೆ ಸಿಟ್ಟು ಬಂದದ್ದು ಬಸ್ಸಿನ ವಿಷಯಕ್ಕಲ್ಲ. "ಇನ್ನು ಒಬ್ಬರೇ ಹೊರಗೆ ಹೋಗುವುದು ಬೇಡ ಅಪ್ಪ" ಎಂದು ಮಗ ಹೇಳಿದ್ದಕ್ಕೆ ನೀನು ತಲೆಯಾಡಿಸಿ ಮನೆಯಲ್ಲಿ ಕುಳಿತೆಯಲ್ಲ, ಅದಕ್ಕೆ.

ಕಳೆದ ವರ್ಷ ನಮ್ಮ ಮನೆಯಲ್ಲಿ ಆದದ್ದನ್ನು ಹೇಳುತ್ತೇನೆ, ಕೇಳು. ನಿನ್ನ ಅತ್ತಿಗೆಗೆ ಬೆಳಿಗ್ಗೆ ಎದ್ದರೆ ತಲೆ ತಿರುಗುವುದು, ಕಾಲು ಬಾತುಕೊಳ್ಳುವುದು ಶುರುವಾಯಿತು. ಒಮ್ಮೆ ಬಚ್ಚಲುಮನೆಯ ಬಾಗಿಲು ಹಿಡಿದು ಹಾಗೇ ಕುಸಿದಳು. "ಅಮ್ಮ ಮರೆತು ಮಾತ್ರೆ ಎರಡೆರಡು ಸಲ ನುಂಗುತ್ತಿದ್ದಾಳೆ" ಎಂದು ಮಕ್ಕಳು ಫೋನಿನಲ್ಲೇ ತೀರ್ಪು ಕೊಟ್ಟರು. ಅವಳೂ ನಂಬಿಬಿಟ್ಟಳು, ಪಾಪ. ಕೊನೆಗೆ ಅವಳ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಸುರಿದುಕೊಂಡು ನಮ್ಮ ಬೀದಿಯ ಮೆಡಿಕಲ್‌ಗೆ ಹೋದೆ. ಅಲ್ಲಿಯ ಹುಡುಗ ಮಾತ್ರೆಯ ಪಟ್ಟಿಗಳನ್ನು ಮೇಜಿನ ಮೇಲೆ ಹರವಿ, ಬೆಳ್ಳಿ ಬಣ್ಣದ ಬೆನ್ನನ್ನು ಬೆಳಕಿಗೆ ಓರೆಯಾಗಿ ಹಿಡಿದು ಒಂದೊಂದನ್ನೇ ಓದಿದ. ಒಂದನ್ನು ಕತ್ತರಿಯಿಂದ ತುಂಡರಿಸಿದ್ದರಿಂದ ಹೆಸರು ಅರ್ಧವೇ ಉಳಿದಿತ್ತು. ಅದನ್ನೂ ಇನ್ನೊಂದನ್ನೂ ಅಕ್ಕಪಕ್ಕ ಇಟ್ಟು, "ಎರಡೂ ಆಮ್ಲೋಡಿಪಿನ್ ಅಲ್ಲವಾ ಅಂಕಲ್, ಕಂಪನಿ ಮಾತ್ರ ಬೇರೆ" ಎಂದ. ಇಬ್ಬರು ವೈದ್ಯರು ಒಂದೇ ರಕ್ತದೊತ್ತಡದ ಔಷಧಿಯನ್ನು ಎರಡು ಹೆಸರಿನಲ್ಲಿ ಬರೆದಿದ್ದರು. ಇವಳು ಎರಡು ಚೀಟಿಯನ್ನೂ ಚಾಚೂ ತಪ್ಪದೆ ಪಾಲಿಸಿದ್ದಳು. ಇಡೀ ಪ್ರಕರಣದಲ್ಲಿ ಏನನ್ನೂ ಮರೆಯದ ವ್ಯಕ್ತಿ ಎಂದರೆ ಅವಳೊಬ್ಬಳೇ! ಚೀಲವನ್ನು ವೈದ್ಯರ ಮುಂದಿಟ್ಟ ಮೇಲೆ ಒಂದು ಮಾತ್ರೆ ನಿಂತಿತು, ತಲೆ ಸುತ್ತುವುದೂ ನಿಂತಿತು.

ನಿನ್ನ ವಿಷಯದಲ್ಲಿ ನನಗೆ ಸಂಶಯವಿರುವುದು ಕಿವಿಯ ಮೇಲೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಹೆಚ್ಚಿನ ಕಂಪನಾಂಕದ, ಅಂದರೆ ಕೀರಲು, ಸದ್ದುಗಳನ್ನು. ಹಾಗಾಗಿ ಯಾರೋ ಮಾತಾಡುತ್ತಿದ್ದಾರೆ ಎಂದು ಗೊತ್ತಾಗುತ್ತದೆ, ಏನೆಂದು ಬಿಡಿಸಿಕೊಳ್ಳಲು ಆಗುವುದಿಲ್ಲ. ಗದ್ದಲವಿದ್ದರಂತೂ ಕೇಳಲೇ ಬೇಡ. ಮೊನ್ನೆ ಫೋನಿನಲ್ಲಿ ನಾನು ಊರಿನ ಹೆಸರು "ಕಾಪು" ಎಂದದ್ದಕ್ಕೆ ನೀನು ಕಾಫಿಯ ಸುದ್ದಿ ಹೇಳಿದೆ. ಮೇಷ್ಟ್ರಾಗಿದ್ದ ಚಾಳಿ ಬಿಡದೆ ಇನ್ನೊಂದು ಮಾತು ಸೇರಿಸುತ್ತೇನೆ: ಮರೆವಿನ ಕಾಯಿಲೆಯ ಅಪಾಯ ತಗ್ಗಿಸಲು ಗಮನಿಸಬೇಕಾದ 12 ಅಂಶಗಳನ್ನು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ 2020ರಲ್ಲಿ ಪಟ್ಟಿ ಮಾಡಿತ್ತು. ಕಿವಿ ಮಂದವಾಗುವುದು ಅದರಲ್ಲಿ ಒಂದು, ಜನರೊಡನೆ ಬೆರೆಯದೆ ಇರುವುದು ಇನ್ನೊಂದು. ಮನೆಯಲ್ಲಿ ಕುಳಿತು ನೀನು ಎರಡನ್ನೂ ಸಾಕುತ್ತಿದ್ದೀಯ.

ಕಣ್ಣಿನದೂ ಅದೇ ಹಾಡು. ಭಾವ ಒಂದು ಸಂಜೆ ಬಸಳೆಯ ಕಟ್ಟಿಗೆ 20ರ ನೋಟೆಂದು 200ರದ್ದು ಕೊಟ್ಟು ನಡೆದೇಬಿಟ್ಟಿದ್ದರು. "ಸ್ವಾಮೀ, ಇಡೀ ಬುಟ್ಟಿ ಒಯ್ಯುತ್ತೀರಾ?" ಎಂದು ಮಾರುವಾಕೆ ಕೂಗಿ ಕರೆದಳು. ಒಂದು ಹಳದಿ, ಇನ್ನೊಂದು ಹಸಿರು ಬೆರೆತ ಹಳದಿ. ಪೊರೆ ಬಂದ ಕಣ್ಣಿಗೆ ಅಂಗಡಿಯ ಮಂದ ದೀಪದಲ್ಲಿ ಎರಡೂ ಒಂದೇ. ನಾಣ್ಯಗಳಂತೂ 10ರದ್ದು, 20ರದ್ದು ಎರಡೂ 27 ಮಿಲಿಮೀಟರ್ ಅಗಲ. 20ರದ್ದಕ್ಕೆ ಹನ್ನೆರಡು ಮೂಲೆಗಳಿವೆ ಎನ್ನುವುದನ್ನು ಬೆರಳು ಕಲಿತರೆ ಮಾತ್ರ ಬಚಾವು.

ಹಾಗೆಂದು ಎಲ್ಲವನ್ನೂ ನಕ್ಕು ತಳ್ಳಿಹಾಕು ಎನ್ನುತ್ತಿಲ್ಲ. ಕೇಳಿದ್ದನ್ನೇ ಗಳಿಗೆಗೊಮ್ಮೆ ಕೇಳುವುದು, ಸ್ವಂತ ಬೀದಿಯಲ್ಲಿ ದಾರಿ ತಪ್ಪುವುದು, ಆಯುಷ್ಯವಿಡೀ ಮಾಡಿದ ಮನೆಯ ಲೆಕ್ಕವೇ ಕೈಗೆ ಹತ್ತದಿರುವುದು, ಇವಿದ್ದರೆ ನಾನೇ ನಿನ್ನನ್ನು ಮಣಿಪಾಲಕ್ಕೆ ಕರೆದೊಯ್ಯುತ್ತಿದ್ದೆ. ನಿನಗೆ ಬಜಾಲ್ ಎಂದು ಗೊತ್ತಾದ ತಕ್ಷಣ ಇಳಿದು, ವಾಪಸ್ ಬಂದು, ಸರಿಯಾದ ಬಸ್ಸು ಹಿಡಿದು ಮಗಳ ಮನೆಗೆ ಊಟದ ಹೊತ್ತಿಗೆ ಮುಟ್ಟಿದ್ದೀಯ. ಇದರಲ್ಲಿ ಕೆಟ್ಟ ತಲೆ ಎಲ್ಲಿದೆ?

ಈಗ ಮಾಡಬೇಕಾದದ್ದು: ಕಿವಿ ಪರೀಕ್ಷೆ ಮಾಡಿಸು. ರಕ್ತಪರೀಕ್ಷೆಗೆ ಹೋದಾಗ ವಿಟಮಿನ್ ಬಿ12 ಮತ್ತು ಥೈರಾಯ್ಡ್ ಸೇರಿಸಬೇಕೇ ಎಂದು ವೈದ್ಯರನ್ನು ಕೇಳು; ಜೀವನವಿಡೀ ಸಸ್ಯಾಹಾರಿಯಾದವನಿಗೆ ಬಿ12 ಕಡಿಮೆಯಾಗುವುದು ಅಪರೂಪವಲ್ಲ, ಅದೂ ಮರೆವು ತರುತ್ತದೆ. ನಿದ್ರೆಗೆಂದೋ ಶೀತಕ್ಕೆಂದೋ ನೀನೇ ಕೊಂಡು ನುಂಗುವ ಮಾತ್ರೆಗಳಿದ್ದರೆ ಅವನ್ನೂ ತೋರಿಸು, ಕೆಲವು ನಮ್ಮ ವಯಸ್ಸಿಗೆ ಮಂಕು ಕವಿಸುತ್ತವೆ. ಆಮೇಲೆ ಒಬ್ಬನೇ ಉಡುಪಿಗೆ ಬಾ. ಕೆಸುವಿನ ಎಲೆ ಚೆನ್ನಾಗಿ ಬಂದಿದೆ, ಪತ್ರೊಡೆ ಮಾಡಿಸುತ್ತೇನೆ. ಮಗನಿಗೆ ನಾನು ಫೋನ್ ಮಾಡಿ ಹೇಳುತ್ತೇನೆ. ಒಪ್ಪದಿದ್ದರೆ ಅವನನ್ನೂ ಕರೆದುಕೊಂಡು ಬಾ, ಆದರೆ ಟಿಕೆಟ್ ನೀನೇ ತೆಗೆಯಬೇಕು.

ಇಂತಿ ನಿನ್ನ
ಹಳೆಯ ಬೆಂಚಿನ ಗೆಳೆಯ